ಶಾರ್ಜಾ ಸ್ಕೂಲು ಕೊಡುವ ಮನೆಯಲ್ಲಿ ಗಂಡನಿಗೆ ಜಾಗ ಇದೆಯಾ?

ನೀವು ಕೇಳಿದ್ದು ಇಷ್ಟು: ಶಾರ್ಜಾದ ಒಂದು ಸಿಬಿಎಸ್‌ಇ ಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಸಿಕ್ಕಿದೆ, ಆಫರ್ ಲೆಟರ್‌ನಲ್ಲಿ ‘ಶೇರಿಂಗ್ ಅಕಾಮಡೇಶನ್’ ಅಂತ ಇದೆ, ಮದುವೆಯಾಗಿ ಒಂದು ವರ್ಷ, ಯಜಮಾನರನ್ನೂ ಜೊತೆಗೆ ಕರ್ಕೊಂಡು ಬರಬಹುದಾ ಅಂತ.

ಯುಎಇಗೆ ಬರಬಹುದು. ಆ ಮನೆಗೆ ಬರೋ ಹಾಗಿಲ್ಲ. ಇವೆರಡೂ ಬೇರೆ ಬೇರೆ ವಿಷಯ. ಇದನ್ನು ಅಲ್ಲಿಂದ ಹೊರಡೋ ಮುಂಚೆಯೇ ತಿಳಿದುಕೊಂಡರೆ ಅರ್ಧ ತಲೆನೋವು ಕಡಿಮೆ.

ಶೇರಿಂಗ್ ಇರೋದು ಇನ್ನೊಬ್ಬ ಟೀಚರ್ ಜೊತೆ. ಸಾಮಾನ್ಯವಾಗಿ ಎರಡು ಬೆಡ್‌ರೂಮಿನ ಫ್ಲ್ಯಾಟು, ರೂಮಿಗೆ ಇಬ್ಬರು, ಎಲ್ಲರಿಗೂ ಒಂದೇ ಅಡುಗೆಮನೆ, ಫ್ರಿಜ್‌ನಲ್ಲಿ ತಲೆಗೊಂದು ಶೆಲ್ಫು. ಸ್ಕೂಲ್ ಬಸ್ ಬೆಳಗಾಗೋ ಹೊತ್ತಿಗೇ ಬರುತ್ತೆ, ಹಾಗಾಗಿ ಬಾತ್‌ರೂಮಿಗೆ ಸರದಿ ಐದು ಗಂಟೆಗೇ ಶುರು. ಲೇಡಿ ಸ್ಟಾಫ್ ಬಿಲ್ಡಿಂಗಿನಲ್ಲಿ ಗಂಡಸರಿಗೆ ಕೆಳಗಿನ ಲಾಬಿವರೆಗೆ ಮಾತ್ರ ಪ್ರವೇಶ. ಗಂಡ, ಅಣ್ಣ, ಅಪ್ಪ, ಯಾರಾದರೂ ಸರಿ. ನನ್ನ ಸಹೋದ್ಯೋಗಿಯ ಯಜಮಾನರು ವಿಸಿಟ್ ವೀಸಾದಲ್ಲಿ ಮಂಗಳೂರಿನಿಂದ ಬಂದಾಗ ಹಪ್ಪಳ, ಮಿಡಿ ಉಪ್ಪಿನಕಾಯಿ ಎಲ್ಲಾ ಆ ಲಾಬಿಯ ಸೋಫಾ ಮೇಲೇ ಕೈ ಬದಲಾಯಿತು. ವಾಚ್‌ಮನ್ ಒಳ್ಳೆಯವನು, ಆದರೂ ರಿಜಿಸ್ಟರ್‌ನಲ್ಲಿ ಸಹಿ ಹಾಕಿಸದೆ ಬಿಡಲಿಲ್ಲ. ಕೋಪ ಬರುತ್ತೆ, ನಿಜ. ಆದರೆ ಅದೇ ಫ್ಲ್ಯಾಟಿನಲ್ಲಿ ಬೇರೆ ಹೆಂಗಸರೂ ಇರುತ್ತಾರೆ. ಬೇರೆಯವರ ಗಂಡ ಒಳಗೆ ಓಡಾಡಿದರೆ ನಿಮಗೂ ಸರಿಹೋಗಲ್ಲ, ಅಲ್ವಾ?

ಕಾನೂನು ಸ್ಕೂಲಿನ ಪರವಾಗಿಯೇ ಇದೆ. 2021ರ ಕಾರ್ಮಿಕ ಕಾನೂನಿನ ಪ್ರಕಾರ ಮಾಲೀಕರು ವಾಸಕ್ಕೆ ತಕ್ಕ ಜಾಗ ಕೊಡಬೇಕು, ಇಲ್ಲವೇ ದುಡ್ಡು ಕೊಡಬೇಕು. ಅದು ಕೆಲಸಗಾರರಿಗೆ ಮಾತ್ರ, ಕುಟುಂಬಕ್ಕಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಸ್ಕೂಲಿನಲ್ಲಿ ಪಾಠ ಮಾಡೋರಾದರೆ ಇಬ್ಬರಿಗೂ ಸೇರಿ ಒಂದು ಫ್ಲ್ಯಾಟು ಕೊಡುವ ಸ್ಕೂಲುಗಳಿವೆ. ನಿಮ್ಮದು ಆ ಕೇಸಲ್ಲ.

ಇನ್ನು ಫ್ಯಾಮಿಲಿ ವೀಸಾ, ಅಂದರೆ ನಿಮ್ಮ ಹೊಣೆಯಲ್ಲಿ ಗಂಡನನ್ನು ಇಲ್ಲಿಗೆ ಕರೆಸಿಕೊಳ್ಳೋದು. ಸಾಮಾನ್ಯ ನಿಯಮದ ಪ್ರಕಾರ ಕರೆಸಿಕೊಳ್ಳುವವರ ಸಂಬಳ 4,000 ದಿರ್ಹಮ್ ಇರಬೇಕು, ಇಲ್ಲವೇ 3,000 ಜೊತೆಗೆ ಮಾಲೀಕರೇ ಕೊಟ್ಟ ವಸತಿ ಇರಬೇಕು. 2019ರಿಂದ ಹೀಗಿದೆ. ಇದನ್ನು ಓದಿ ಬಹಳ ಜನ, ‘ನಮಗೆ ಸ್ಕೂಲ್ ಮನೆ ಇದೆಯಲ್ಲ, ಸಾಕು’ ಅಂದುಕೊಂಡು ವೀಸಾ ಅರ್ಜಿ ತುಂಬಿಸಿಕೊಡುವ ಟೈಪಿಂಗ್ ಸೆಂಟರ್‌ಗೆ ಹೋಗುತ್ತಾರೆ. ಅಲ್ಲಿ ಮುಂದಿನ ಪ್ರಶ್ನೆಯೇ ಬಾಡಿಗೆ ಕರಾರು ಎಲ್ಲಿ ಅಂತ. ಶಾರ್ಜಾದಲ್ಲಿ ಅದಕ್ಕೆ ಮುನಿಸಿಪಾಲಿಟಿಯ ಮುದ್ರೆ ಬೇಕು, ದುಬೈಯಲ್ಲಾದರೆ ಇಜಾರಿ, ಅಬುಧಾಬಿಯಲ್ಲಿ ತೌತೀಕ್ ಅನ್ನೋ ಬಾಡಿಗೆ ನೋಂದಣಿ. ನಾಲ್ಕು ಜನರ ಫ್ಲ್ಯಾಟಿನಲ್ಲಿ ನಿಮಗೆ ಕೊಟ್ಟ ಒಂದು ಮಂಚವನ್ನು ತೋರಿಸಿ ಗಂಡನ ವೀಸಾ ಮಾಡಿಸೋಕೆ ಆಗಲ್ಲ.

ಹಾಗಾಗಿ ಮಂಚದ ಬದಲು ದುಡ್ಡು ಕೊಡ್ತಾರಾ ಅಂತ ಈಗಲೇ ಕೇಳಿ. ಹೌದು ಅಂದರೂ ಮೊದಲ ದಿನದಿಂದಲೇ ದುಡ್ಡು ತಗೊಳ್ಳಿ ಅಂತ ನಾನು ಹೇಳಲ್ಲ. ಇಲ್ಲಿ ಬಾಡಿಗೆಯನ್ನು ವರ್ಷದ ಲೆಕ್ಕದಲ್ಲಿ, ಮುಂದಿನ ದಿನಾಂಕದ ಕೆಲವೇ ಚೆಕ್‌ಗಳಲ್ಲಿ ಕೊಡಬೇಕು. ಜೊತೆಗೆ ಡೆಪಾಸಿಟ್, ಏಜೆಂಟ್ ಕಮಿಷನ್, ಕರೆಂಟು ನೀರಿಗೆ ಬೇರೆ ಡೆಪಾಸಿಟ್. ಹೊಸದಾಗಿ ಬಂದವರ ಕೈಯಲ್ಲಿ ಚೆಕ್ ಬುಕ್ಕೇ ಇರಲ್ಲ. ಕೆಲವು ತಿಂಗಳು ಸ್ಕೂಲ್ ಮನೆಯಲ್ಲಿದ್ದು, ಶಾರ್ಜಾದ ಮುವೈಲಾ, ಅಲ್ ನಹ್ದಾ ಬಡಾವಣೆಗಳ ಕಡೆಯ ಬಾಡಿಗೆ ಕಣ್ಣಾರೆ ನೋಡಿ, ಆಮೇಲೆ ಬದಲಾಯಿಸಿಕೊಳ್ಳೋದು ವಾಸಿ. ಆದರೆ ಮಧ್ಯದಲ್ಲಿ ಬದಲಾಯಿಸಬಹುದು ಅನ್ನೋದು ಇಮೇಲ್‌ನಲ್ಲಿ ಬರಬೇಕು. ಫೋನ್‌ನಲ್ಲಿ ‘ನೋಡೋಣ ಮೇಡಂ’ ಅಂದಿದ್ದಕ್ಕೆ ಇಲ್ಲಿ ಬೆಲೆ ಇಲ್ಲ. ಎಷ್ಟೋ ಸ್ಕೂಲುಗಳು ಎರಡು ವರ್ಷದ ಕರಾರು ಮುಗಿಯುವವರೆಗೆ ಬಿಡಲ್ಲ.

ಇನ್ನೊಂದು ಲೆಕ್ಕ. ಒಟ್ಟು ಸಂಬಳ ಅಷ್ಟೇ ಇಟ್ಟು, ಬೇಸಿಕ್ ಕಡಿಮೆ ಮಾಡಿ ಮನೆ ಭತ್ಯೆ ಜಾಸ್ತಿ ತೋರಿಸಿದರೆ ಖುಷಿಪಡಬೇಡಿ. ಕೆಲಸ ಬಿಡುವಾಗ ಬರುವ ಗ್ರಾಚ್ಯುಟಿ ಬೇಸಿಕ್ ಮೇಲೆ ಮಾತ್ರ: ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್.

ನಾಳೆ ಯಜಮಾನರಿಗೂ ಇಲ್ಲಿ ಕೆಲಸ ಸಿಕ್ಕಿತು ಅಂದುಕೊಳ್ಳಿ. ‘ಗಂಡನ ವೀಸಾಗೆ ಬದಲಾಯಿಸಿಕೊಳ್ಳಿ, ಈಸಿ’ ಅಂತ ಯಾರಾದರೂ ಹೇಳೇ ಹೇಳ್ತಾರೆ, ಅಂದರೆ ನಿಮ್ಮ ವೀಸಾದ ಹೊಣೆ ಸ್ಕೂಲಿನ ಬದಲು ಗಂಡನದ್ದು. ಸುಮ್ನೆ ಒಪ್ಪಬೇಡಿ. ಗಂಡನ ವೀಸಾದಲ್ಲಿರುವ ಟೀಚರ್‌ಗೆ ಬಹಳಷ್ಟು ಸ್ಕೂಲುಗಳು ಮನೆಯನ್ನೂ ಕೊಡಲ್ಲ, ಊರಿಗೆ ಹೋಗೋ ಟಿಕೆಟನ್ನೂ ಕೊಡಲ್ಲ. ಸ್ಟಾಫ್ ರೂಮಿನಲ್ಲಿ ಒಂದೇ ಪಾಠ ಮಾಡುವ ಇಬ್ಬರಿಗೆ ಬೇರೆ ಬೇರೆ ಸಂಬಳ ಇರೋದಕ್ಕೆ ಇದೂ ಒಂದು ಕಾರಣ. ನನ್ನ ಪ್ರಕಾರ ಇದು ಅನ್ಯಾಯ, ಆದರೆ ನಡೆಯುತ್ತಿರೋದು ಹೀಗೇ.

ಅಲ್ಲಿಯವರೆಗೆ ಅವರು 30 ಅಥವಾ 60 ದಿನದ ವಿಸಿಟ್ ವೀಸಾದಲ್ಲಿ ಬಂದು ಕೆಲಸ ಹುಡುಕಬಹುದು. ಉಳಿಯೋಕೆ ಪಾರ್ಟಿಷನ್ ರೂಮು ಮಾತ್ರ ಬೇಡ. ಪ್ಲೈವುಡ್ ಹೊಡೆದು ಮಾಡಿದ ಆ ಗೂಡುಗಳ ಮೇಲೆ 2025ರಲ್ಲಿ ದುಬೈನಲ್ಲಿ ಜೋರಾಗಿ ತಪಾಸಣೆ ನಡೆಯಿತು, ಇದ್ದವರು ರಾತ್ರೋರಾತ್ರಿ ಬೇರೆ ಜಾಗ ಹುಡುಕಬೇಕಾಯಿತು.

ಮದುವೆ ಸರ್ಟಿಫಿಕೇಟಿನ ಕೆಲಸವನ್ನು ಮಾತ್ರ ಈ ವಾರವೇ ಶುರು ಮಾಡಿ. ಛತ್ರದವರೋ ದೇವಸ್ಥಾನದವರೋ ಕೊಟ್ಟ ಚೀಟಿ ನಡೆಯಲ್ಲ, ಸಬ್‌ರಿಜಿಸ್ಟ್ರಾರ್ ಆಫೀಸಿನದ್ದೇ ಬೇಕು. ಅದಕ್ಕೆ ರಾಜ್ಯ ಸರ್ಕಾರದ್ದು, ಆಮೇಲೆ ಭಾರತದ ವಿದೇಶಾಂಗ ಸಚಿವಾಲಯದ್ದು, ಅದಾದ ಮೇಲೆ ಯುಎಇ ರಾಯಭಾರ ಕಚೇರಿಯದ್ದು, ಕೊನೆಗೆ ಇಲ್ಲಿ ಯುಎಇಯ ವಿದೇಶಾಂಗ ಸಚಿವಾಲಯದ್ದು, ಹೀಗೆ ಸಾಲಾಗಿ ದೃಢೀಕರಣ ಆಗಬೇಕು. ನಿಮ್ಮಿಬ್ಬರ ಪಾಸ್‌ಪೋರ್ಟಿನಲ್ಲಿರುವ ಹೆಸರು, ಇನಿಶಿಯಲ್ ಸಮೇತ, ಸರ್ಟಿಫಿಕೇಟಿಗೆ ಹೊಂದುತ್ತಾ ಅಂತ ಮೊದಲು ನೋಡಿ. ತಿದ್ದುಪಡಿ ಇದ್ದರೆ ಊರಲ್ಲಿರುವಾಗಲೇ ಮಾಡಿಸಿ.