ವೇಗವೇ ಅಪರಾಧಕ್ಕೆ ಸಾಕ್ಷಿಯೆ?

ಪ್ರಶ್ನೆ: ಹೈಸ್ಕೂಲಿನಲ್ಲಿ ಓದುವ ನನ್ನ ಮಗಳು 800 ಮೀಟರ್ ಓಡುತ್ತಾಳೆ. ಓದುವ ಮೇಜಿನ ಮೇಲಿನ ಗೋಡೆಗೆ ಕೀನ್ಯಾದ ಡೇವಿಡ್ ರುಡಿಶಾ ಅವರ ಚಿತ್ರ ಅಂಟಿಸಿಕೊಂಡಿದ್ದಾಳೆ. ಮನೆಗೆ ಬಂದ ನೆಂಟರೊಬ್ಬರು ‘ಅಷ್ಟು ಜೋರಾಗಿ ಓಡುವವರೆಲ್ಲ ಉದ್ದೀಪನ ಮದ್ದು ತೆಗೆದುಕೊಂಡವರೇ’ ಎಂದು ಅವಳೆದುರೇ ಹೇಳಿಬಿಟ್ಟರು. ಯಾರು ಶುದ್ಧರು, ಯಾರು ಅಲ್ಲ ಎಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ನೆಂಟರ ಮಾತಿಗೆ ಉತ್ತರ 2012ರ ಲಂಡನ್ ಒಲಿಂಪಿಕ್ಸ್‌ನ ಎರಡು ರಾತ್ರಿಗಳಲ್ಲಿದೆ. ಆಗಸ್ಟ್ 9ರಂದು ರುಡಿಶಾ, ಮುಂದೆ ಓಡಿ ವೇಗ ಹಿಡಿದುಕೊಡುವವರು ಯಾರೂ ಇಲ್ಲದೆ, ಆರಂಭದಿಂದಲೇ ತಾವೇ ಮುಂದಿದ್ದು, ಮೊದಲ ಸುತ್ತನ್ನು 49.28 ಸೆಕೆಂಡುಗಳಲ್ಲಿ ಮುಗಿಸಿ, 1 ನಿಮಿಷ 40.91 ಸೆಕೆಂಡುಗಳ ವಿಶ್ವದಾಖಲೆ ಬರೆದರು. ಅವರು ಯಾವ ಮದ್ದು ಪರೀಕ್ಷೆಯಲ್ಲಿಯೂ ಸಿಕ್ಕಿಬಿದ್ದವರಲ್ಲ. ಮರುದಿನ ಅದೇ ಟ್ರ್ಯಾಕ್‌ನಲ್ಲಿ ಮಹಿಳೆಯರ 1500 ಮೀಟರ್ ಫೈನಲ್ ನಡೆಯಿತು. ಟರ್ಕಿಯ ಅಸ್ಲಿ ಚಾಕಿರ್ ಅಲ್ಪ್‌ತೆಕಿನ್ ಗೆದ್ದ ಸಮಯ 4 ನಿಮಿಷ 10.23 ಸೆಕೆಂಡು, ಅಂದಿನ ವಿಶ್ವದಾಖಲೆಗಿಂತ ಸುಮಾರು 20 ಸೆಕೆಂಡು ನಿಧಾನ. ಆದರೂ ಆ ಓಟದ ಮೊದಲ ಒಂಬತ್ತು ಸ್ಥಾನಗಳಲ್ಲಿದ್ದ ಐವರ ಫಲಿತಾಂಶ, ಚಿನ್ನ ಮತ್ತು ಬೆಳ್ಳಿ ಗೆದ್ದವರದ್ದೂ ಸೇರಿ, ಮುಂದೆ ರದ್ದಾಯಿತು. ಗಡಿಯಾರ ನೋಡಿ ಮೋಸವನ್ನು ಅಳೆಯಹೊರಟವರಿಗೆ ಆ ರಾತ್ರಿ ಏನೂ ಕಾಣುತ್ತಿರಲಿಲ್ಲ.

ಕಾಣಬೇಕಾದದ್ದು ರಕ್ತದಲ್ಲಿ. ಇಪಿಒ ನಮ್ಮ ಮೂತ್ರಪಿಂಡಗಳೇ ತಯಾರಿಸುವ ಹಾರ್ಮೋನು. ಕೆಂಪು ರಕ್ತಕಣಗಳನ್ನು ಹೆಚ್ಚಿಸುವಂತೆ ಅದು ಅಸ್ಥಿಮಜ್ಜೆಗೆ ಹೇಳುತ್ತದೆ. ಕಣ ಹೆಚ್ಚಿದರೆ ಸ್ನಾಯುಗಳಿಗೆ ತಲುಪುವ ಆಮ್ಲಜನಕವೂ ಹೆಚ್ಚು, ಕೊನೆಯ ಸುತ್ತಿನಲ್ಲಿ ಕಾಲು ಸೋಲುವುದು ತಡ. ಹೊರಗಿನಿಂದ ಸ್ವಲ್ಪಸ್ವಲ್ಪವೇ ಚುಚ್ಚಿಸಿಕೊಂಡರೆ ಅದರ ಗುರುತು ಮೂತ್ರದಿಂದ ಬೇಗ ಮಾಯವಾಗುತ್ತದೆ. ಅದಕ್ಕಾಗಿಯೇ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾ, 2009ರಲ್ಲಿ ‘ಜೈವಿಕ ಪಾಸ್‌ಪೋರ್ಟ್’ನ ನಿಯಮಗಳನ್ನು ಜಾರಿಗೆ ತಂದಿತು. ಅದು ಮದ್ದನ್ನು ಹುಡುಕುವುದಿಲ್ಲ, ಒಬ್ಬ ಓಟಗಾರರ ರಕ್ತದ ಅಂಕಿಗಳನ್ನು ವರ್ಷಗಟ್ಟಲೆ ಒಂದರ ಪಕ್ಕ ಒಂದು ಇಟ್ಟು ನೋಡುತ್ತದೆ. ಮದ್ದು ತೆಗೆದುಕೊಳ್ಳುತ್ತಿರುವಾಗ ಎಳೆಯ ಕೆಂಪು ಕಣಗಳು ಏರುತ್ತವೆ; ನಿಲ್ಲಿಸಿದ ಮೇಲೆ ಹಿಮೋಗ್ಲೋಬಿನ್ ಎತ್ತರದಲ್ಲಿಯೇ ಇದ್ದು, ದೇಹ ತನ್ನ ತಯಾರಿಕೆಯನ್ನು ತಗ್ಗಿಸುವುದರಿಂದ ಎಳೆಯ ಕಣಗಳು ತೀರ ಕಡಿಮೆಯಾಗುತ್ತವೆ. ಈ ಎರಡು ಅಂಕಿಗಳ ಹೊಂದಾಣಿಕೆ ತಪ್ಪುವುದನ್ನು ಮರೆಮಾಚುವುದು ಬಹಳ ಕಷ್ಟ. ಅಲ್ಪ್‌ತೆಕಿನ್ ಸಿಕ್ಕಿಬಿದ್ದದ್ದು ಪಾಸ್‌ಪೋರ್ಟಿನಿಂದಲೇ. 2015ರಲ್ಲಿ ಅವರಿಗೆ ಎಂಟು ವರ್ಷಗಳ ನಿಷೇಧವಾಯಿತು.

ಆದರೆ ಶಂಕೆಗೂ ಒಂದು ಮರ್ಯಾದೆ ಇರಬೇಕು. ಟೋಕಿಯೊ ಒಲಿಂಪಿಕ್ಸ್‌ನ 800 ಮೀಟರ್‌ನಲ್ಲಿ ನಾಲ್ಕನೆಯವರಾಗಿ ಬಂದ ಆಸ್ಟ್ರೇಲಿಯಾದ ಪೀಟರ್ ಬೋಲ್ ಅವರ ‘ಎ’ ಮಾದರಿಯಲ್ಲಿ, ಅಂದರೆ ಮೊದಲು ಪರೀಕ್ಷಿಸುವ ಬಾಟಲಿಯಲ್ಲಿ, ಹೊರಗಿನಿಂದ ಬಂದ ಇಪಿಒ ಇದೆ ಎಂಬ ಸುದ್ದಿ 2023ರ ಜನವರಿಯಲ್ಲಿ ಬಯಲಾಯಿತು, ಅವರನ್ನು ಅಮಾನತುಗೊಳಿಸಲಾಯಿತು. ಮುಂದಿನ ತಿಂಗಳು, ಅದೇ ಮೂತ್ರದ ಎರಡನೆಯ ಬಾಟಲಿಯಾದ ‘ಬಿ’ ಮಾದರಿ ಅದನ್ನು ದೃಢಪಡಿಸಲಿಲ್ಲ, ಅಮಾನತು ತೆರವಾಯಿತು, ಆಗಸ್ಟ್‌ನಲ್ಲಿ ತನಿಖೆಯೇ ಮುಕ್ತಾಯವಾಯಿತು. ಓಟಗಾರ ತಾನೇ ಬಾಟಲಿ ಆರಿಸಿಕೊಂಡು, ತನ್ನ ಮೂತ್ರವನ್ನು ಎರಡಕ್ಕೂ ಹಂಚಿ ಸುರಿದು, ತನ್ನ ಕೈಯಿಂದಲೇ ಮುಚ್ಚಳ ತಿರುಗಿಸಿ ಮುದ್ರೆ ಮಾಡುವ ಆ ಎರಡನೆಯ ಬಾಟಲಿ ಇಲ್ಲದಿದ್ದರೆ ಬೋಲ್ ಅವರ ಹೆಸರು ಉಳಿಯುತ್ತಿರಲಿಲ್ಲ. ಹೀಗಿದ್ದೂ ಆ ವಾರಗಳಲ್ಲಿ ಜನ ಆಡಿದ ಮಾತನ್ನು ಯಾವ ಪ್ರಯೋಗಾಲಯವೂ ಹಿಂದಕ್ಕೆ ತೆಗೆದುಕೊಡಲಾರದು.

ಒಬ್ಬರು ಶುದ್ಧರು ಎಂದು ಸಾಧಿಸಿ ತೋರಿಸುವ ಪರೀಕ್ಷೆ ಇಲ್ಲ ಎಂಬುದನ್ನು ಮಗಳಿಗೆ ಮುಚ್ಚಿಡಬೇಡಿ. ರುಡಿಶಾ ಅವರ ಹಿಂದೆಯೇ ಬೆಳ್ಳಿ ಗೆದ್ದ ಬೋಟ್ಸ್ವಾನಾದ ನೈಜೆಲ್ ಆಮೋಸ್ ಹತ್ತು ವರ್ಷಗಳ ನಂತರ, 2022ರಲ್ಲಿ, ನಿಷೇಧಿತ ವಸ್ತುವಿಗಾಗಿ ಸಿಕ್ಕಿಬಿದ್ದರು. ಲಂಡನ್ನಿನ ಆ ಬೆಳ್ಳಿ ಮಾತ್ರ ಅವರದ್ದಾಗಿಯೇ ಉಳಿದಿದೆ. ಪ್ರತಿದಿನ ಒಂದು ಗಂಟೆ ತಾನೆಲ್ಲಿ ಸಿಗುತ್ತೇನೆಂದು ಮೊದಲೇ ಬರೆದುಕೊಟ್ಟು, ಬೆಳಿಗ್ಗೆ ಬಾಗಿಲು ತಟ್ಟಿದರೆ ತೆರೆದು, ವರ್ಷಗಟ್ಟಲೆ ರಕ್ತ ಕೊಟ್ಟವರ ವಿರುದ್ಧ ಏನೂ ಸಿಕ್ಕದಿದ್ದರೆ ಅವರನ್ನು ನಂಬುವುದೇ ನ್ಯಾಯ. ಆ ಚಿತ್ರ ಗೋಡೆಯ ಮೇಲೆಯೇ ಇರಲಿ.

ಪ್ರಶ್ನೆ: ಲಂಡನ್ನಿನ 1500 ಮೀಟರ್ ಫಲಿತಾಂಶ 2024ರಲ್ಲಿಯೂ ಬದಲಾಯಿತಂತೆ. ಇಷ್ಟು ತಡವಾದರೆ ಪ್ರಯೋಜನವೇನು?
– ಓದುಗರೊಬ್ಬರು, ಧಾರವಾಡ

ಉತ್ತರ: ಬದಲಾದದ್ದು ನಿಜ. ನಾಲ್ಕನೆಯವರಾಗಿ ಬಂದು, ಮೇಲಿನ ಇಬ್ಬರು ಅನರ್ಹರಾದ ಮೇಲೆ ಬೆಳ್ಳಿಯ ಸ್ಥಾನಕ್ಕೇರಿದ್ದ ರಷ್ಯಾದ ತತ್ಯಾನಾ ತೊಮಾಷೋವಾ ಅವರ ಫಲಿತಾಂಶವನ್ನು ಕ್ರೀಡಾ ನ್ಯಾಯಮಂಡಳಿ ಮಾಸ್ಕೋ ಪ್ರಯೋಗಾಲಯದ ದತ್ತಾಂಶದ ಆಧಾರದ ಮೇಲೆ ರದ್ದುಪಡಿಸಿತು. 2008ರಲ್ಲಿಯೂ ಅವರು ಮೂತ್ರದ ಮಾದರಿ ಬದಲಿಸಿದ ಪ್ರಕರಣದಲ್ಲಿ ನಿಷೇಧಕ್ಕೊಳಗಾಗಿದ್ದವರು. ಹೀಗೆ ಆರನೆಯವರಾಗಿ ಗುರಿ ಮುಟ್ಟಿದ್ದ ಅಮೆರಿಕದ ಶ್ಯಾನನ್ ರೌಬರಿ ಹನ್ನೆರಡು ವರ್ಷಗಳ ನಂತರ ಕಂಚಿನ ಸ್ಥಾನಕ್ಕೆ ಬಂದರು.

ತಡವಾದ ನ್ಯಾಯ ನನಗೂ ಸಂಕಟ ತರುತ್ತದೆ. 2016ರ ರಿಯೊದಲ್ಲಿ ಜೆನ್ನಿ ಸಿಂಪ್ಸನ್ ಕಂಚು ಗೆದ್ದಾಗ, 1500 ಮೀಟರ್‌ನಲ್ಲಿ ಒಲಿಂಪಿಕ್ ಪದಕ ಗೆದ್ದ ಅಮೆರಿಕದ ಮೊದಲ ಮಹಿಳೆ ಎಂದು ಅವರನ್ನು ಕೊಂಡಾಡಿದರು. ಲಂಡನ್ನಿನಲ್ಲಿಯೇ ಆ ಗೌರವ ಸಲ್ಲಬೇಕಿದ್ದ ರೌಬರಿ ರಿಯೊದ ಅದೇ ಓಟದಲ್ಲಿ, ಸಿಂಪ್ಸನ್ ಅವರ ಬೆನ್ನಿಗೇ, ನಾಲ್ಕನೆಯವರಾಗಿ ಓಡಿ ಬಂದಿದ್ದರು.