ಗೇಮ್ ಸಂಗೀತದ ಬಗ್ಗೆ ಬರೆಯುವ ಮುಂಚೆ ಗೇಮ್ ಒಳಗೆ ನಿಂತು ಕೇಳಿ

ನಮಸ್ಕಾರ,

'ವಿಡಿಯೊ ಗೇಮ್ ಸಂಗೀತವೂ ಕಲೆಯೇ' ಎಂಬ ನಿಮ್ಮ ಲೇಖನ ಓದಿದೆವು. ಈಗಿರುವ ಹಾಗೆ ಪ್ರಕಟಿಸಲಾಗದು. ಭಾಷೆ ಸರಾಗವಾಗಿದೆ, ವಾದವೇ ಸಡಿಲ.

ಅರ್ಧಕ್ಕಿಂತ ಹೆಚ್ಚು ಭಾಗ ಪ್ರಶಸ್ತಿ, ಆರ್ಕೆಸ್ಟ್ರಾ, ತುಂಬಿದ ಸಭಾಂಗಣಗಳ ವರ್ಣನೆಗೇ ಹೋಗಿದೆ. ಅದರಲ್ಲೂ ತಪ್ಪಿದೆ. 2012ರ 'ಜರ್ನಿ' ಗೇಮ್ ನೀವು ಬರೆದಂತೆ ಗ್ರ್ಯಾಮಿ ಗೆದ್ದಿಲ್ಲ. ಆಸ್ಟಿನ್ ವಿಂಟೋರಿಯವರ ಆ ಸಂಗೀತಕ್ಕೆ ಸಿಕ್ಕಿದ್ದು ನಾಮನಿರ್ದೇಶನ. ಗೆದ್ದದ್ದು 'ಸಿವಿಲೈಸೇಶನ್ 4'ಕ್ಕೆ ಕ್ರಿಸ್ಟೋಫರ್ ಟಿನ್ ರಚಿಸಿದ 'ಬಾಬಾ ಯೇತು' ಹಾಡು. ಗೇಮ್ ಬಂದದ್ದು 2005ರಲ್ಲಿ, ಪ್ರಶಸ್ತಿ ಬಂದದ್ದು 2011ರಲ್ಲಿ, ಅದೂ ನಡುವೆ ಟಿನ್ ತಂದ ಆಲ್ಬಮ್‌ನ ಮೂಲಕ. ಗೇಮ್ ಸಂಗೀತಕ್ಕೇ ಮೀಸಲಾದ ವಿಭಾಗದಲ್ಲಿ ಮೊದಲ ಗ್ರ್ಯಾಮಿ ಕೊಟ್ಟದ್ದು 2023ರಲ್ಲಿ. ಅಂದರೆ ನೀವು ಮುಂದಿಟ್ಟ ಸಾಕ್ಷಿ ನಿಮಗೇ ತಿರುಗುಬಾಣ: 2011ರಲ್ಲಿ ಮನ್ನಣೆ ಸಿಕ್ಕಿದ್ದು ಆಟದಿಂದ ಹೊರಗೆ ಬಂದು ನಿಂತ ಹಾಡಿಗೆ.

ಈ ಸಂಗೀತದ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಸಿನಿಮಾಕ್ಕೆ ಬರೆಯುವವರಿಗೆ ಬಾಗಿಲು ಯಾವ ಸೆಕೆಂಡಿಗೆ ತೆರೆಯುತ್ತದೆಂದು ಗೊತ್ತು. ಗೇಮ್‌ಗೆ ಬರೆಯುವವರಿಗೆ ಗೊತ್ತಿಲ್ಲ. ಆಟಗಾರ ಬಾಗಿಲ ಮುಂದೆ ಹತ್ತು ನಿಮಿಷ ಸುಮ್ಮನೆ ನಿಂತಾನು, ಇಲ್ಲವೇ ನುಗ್ಗಿಬಿಟ್ಟಾನು. ಎರಡಕ್ಕೂ ಒಗ್ಗುವಂತೆ ಬರೆಯುವುದೇ ಇಲ್ಲಿನ ಕಸುಬು. 1978ರ 'ಸ್ಪೇಸ್ ಇನ್‌ವೇಡರ್ಸ್'ನಲ್ಲಿ ಇರುವುದು ಕೆಳಗಿಳಿಯುವ ನಾಲ್ಕು ಮಂದ್ರ ಸ್ವರಗಳು ಮಾತ್ರ. ಶತ್ರುಗಳು ಕಡಿಮೆಯಾದಂತೆ ಅವುಗಳ ಓಟ ಹೆಚ್ಚುತ್ತದೆ, ಅದನ್ನು ಹೆಚ್ಚಿಸುವವನು ಗುಂಡು ಹಾರಿಸುತ್ತಿರುವ ಆಟಗಾರನೇ. ಆ ನಾಲ್ಕು ಸ್ವರ ನಿಮ್ಮ ಲೇಖನದಲ್ಲಿ ಒಂದು ಸಾಲೂ ಪಡೆದಿಲ್ಲ. 1998ರ 'ಒಕರಿನಾ ಆಫ್ ಟೈಮ್'ನ ಬಯಲಿನ ಸಂಗೀತದ ಬಗ್ಗೆ 'ಮನಮೋಹಕ' ಎಂದಷ್ಟೇ ಬರೆದಿದ್ದೀರಿ. ಸಂಯೋಜಕ ಕೋಜಿ ಕೊಂಡೊ ಅದನ್ನು ಎಂಟೆಂಟು ಬಾರ್‌ಗಳ (ಬಾರ್ ಎಂದರೆ ತಾಳದ ಒಂದು ಸುತ್ತು) ತುಣುಕುಗಳಾಗಿ ಬರೆದಿದ್ದಾರೆ, ಯಂತ್ರ ಅವನ್ನು ಕಲಸಿ ನುಡಿಸುತ್ತದೆ. ಯಾವ ತುಣುಕಿನ ಹಿಂದೆ ಯಾವುದು ಬಂದರೂ ಕಿವಿಗೆ ತೊಡಕಾಗಬಾರದು. ನಿಮ್ಮ ಲೇಖನಕ್ಕೆ ಬೇಕಾದ ವಾದ ಇದು.

ನೀವು ಕೇಳಿ ಬರೆದದ್ದು ಆಲ್ಬಮ್ ಎಂದು ಸ್ಪಷ್ಟವಾಗಿ ತಿಳಿಯುತ್ತದೆ. ಆಲ್ಬಮ್‌ನಲ್ಲಿ ಎರಡು ಸುತ್ತು ನುಡಿಸಿ ನಿಧಾನಕ್ಕೆ ಸದ್ದು ಇಳಿಸಿ ಮುಗಿಸುತ್ತಾರೆ. ಆಟದಲ್ಲಿ ಆ ಮುಕ್ತಾಯವೇ ಇರುವುದಿಲ್ಲ. ಒಂದೇ ಒಂದು ದೃಶ್ಯ ಆರಿಸಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಮಾತು ಮತ್ತು ಎಫೆಕ್ಟ್‌ಗಳ ಸದ್ದನ್ನು ಸೊನ್ನೆಗೆ ಇಳಿಸಿ ಹತ್ತು ನಿಮಿಷ ಕದಲದೆ ನಿಲ್ಲಿ. ಲೂಪ್, ಅಂದರೆ ಮತ್ತೆ ಮತ್ತೆ ಸುತ್ತುವ ಸಂಗೀತ, ಎಲ್ಲಿ ಮೊದಲಿಗೆ ಮರಳುತ್ತದೆ ಎಂದು ಗುರುತು ಹಾಕಿ. ಉದಾಹರಣೆಗೆ, ನಿಮಿಷಕ್ಕೆ 120 ಬೀಟ್, ಬಾರ್‌ಗೆ ನಾಲ್ಕು ಬೀಟ್, ಒಟ್ಟು 32 ಬಾರ್ ಎಂದರೆ 64 ಸೆಕೆಂಡ್. ಆಟಗಾರ 40 ನಿಮಿಷ ಅಲ್ಲೇ ಉಳಿದರೆ 37 ಸುತ್ತು ಮುಗಿದಿರುತ್ತದೆ. ಅಷ್ಟು ಸಲ ಬಂದರೆ ಎಂಥ ಭವ್ಯ ಶಿಖರವೂ ತಲೆನೋವೇ. ಹಾಗಾಗಿಯೇ ಎಷ್ಟೋ ಲೂಪ್‌ಗಳು ಶಿಖರವನ್ನು ಬಚ್ಚಿಡುತ್ತವೆ, ಪೂರ್ತಿ ನಿಲ್ಲದ ಸ್ವರಮೇಳದ ಮೇಲೆ ಮುಗಿದು ಮೊದಲಿಗೆ ಜಾರುತ್ತವೆ. ಜೋಡಣೆಯಲ್ಲಿ ಕಟ್ ಕೇಳಿಸಿದರೆ ಕಾರಣ ಹುಡುಕಿ: ಕೊನೆಯ ಸ್ವರದ ಅನುರಣನವನ್ನು ಕತ್ತರಿಸಿರಬಹುದು, ಇಲ್ಲವೇ ಫೈಲ್ ಎಂಪಿ3 ಆಗಿರಬಹುದು. ಎಂಪಿ3 ಮಾಡುವಾಗ ಮೊದಲಿಗೂ ಕೊನೆಗೂ ಚೂರು ಮೌನ ಸೇರಿಕೊಳ್ಳುತ್ತದೆ.

ಬಳಿಕ ಅದೇ ದೃಶ್ಯವನ್ನು ಎರಡು ಸಲ ರೆಕಾರ್ಡ್ ಮಾಡಿ, ಒಮ್ಮೆ ಶತ್ರುವಿನಿಂದ ತಪ್ಪಿಸಿಕೊಂಡು, ಒಮ್ಮೆ ಮೈಮೇಲೆ ಬಿದ್ದು. ಸಂಗೀತ ತಕ್ಷಣ ಬದಲಾಯಿತೇ, ಬಾರ್ ಮುಗಿಯಲು ಕಾಯಿತೇ? ಮೇಲಿನ ಲೆಕ್ಕದಲ್ಲಿ ಒಂದು ಬಾರ್ 2 ಸೆಕೆಂಡ್. ನಾಲ್ಕು ಬಾರ್‌ಗೊಮ್ಮೆ ಮಾತ್ರ ಬದಲಿಸುವಂತಿದ್ದರೆ 8 ಸೆಕೆಂಡ್‌ವರೆಗೆ ಕಾಯಬೇಕು, ಅಷ್ಟರಲ್ಲಿ ಶತ್ರು ಏಟು ಹಾಕಿ ಆಗಿರುತ್ತದೆ. ಲಯ ಕಾಪಾಡಬೇಕೋ, ಏಟಿನ ಹೊತ್ತಿಗೆ ಸರಿಯಾಗಿ ಬರಬೇಕೋ ಎಂಬ ತೀರ್ಮಾನದಲ್ಲೇ ಸಂಯೋಜಕರ ಅಭಿರುಚಿ ಕಾಣುತ್ತದೆ. ಸನ್ನಿವೇಶಕ್ಕೆ ತಕ್ಕಂತೆ ಸೇರಿಸುವ, ತೆಗೆಯುವ ಪದರಗಳಾಗಿ ಬರೆದ ಸಂಗೀತವಾದರೆ ಕಷ್ಟ ಇನ್ನೊಂದು ಬಗೆಯದು: ಮೂಲ ಪದರದ ಮೇಲೆ ಮೂರು ಪದರಗಳಿದ್ದರೆ 8 ಜೋಡಣೆಗಳು ಸಾಧ್ಯ, ಎಂಟೂ ಕೇಳುವಂತಿರಬೇಕು.

'8 ಬಿಟ್ ಎಂದರೆ ಒಮ್ಮೆಗೆ ಎಂಟು ಸ್ವರ' ಎಂಬ ವಾಕ್ಯ ತೆಗೆದುಹಾಕಿ. ಅದು ಪ್ರೊಸೆಸರ್‌ಗೆ ಸಂಬಂಧಿಸಿದ ಅಳತೆ. ನಿಂಟೆಂಡೊದ 1983ರ ಗೇಮ್ ಯಂತ್ರ ಫ್ಯಾಮಿಕಾಮ್‌ನಲ್ಲಿದ್ದದ್ದು ಐದು ಚಾನೆಲ್, ಅಂದರೆ ಐದು ದನಿ: ಎರಡು ಪಲ್ಸ್, ಒಂದು ಟ್ರಯಾಂಗಲ್ (ಇವು ಅಲೆಯ ಆಕಾರದ ಹೆಸರುಗಳು), ಗದ್ದಲದಂಥ ಸದ್ದಿಗೆ ಒಂದು ನಾಯ್ಸ್, ರೆಕಾರ್ಡ್ ಮಾಡಿದ ಸದ್ದಿಗೆ ಒಂದು ಸ್ಯಾಂಪಲ್. ಟ್ರಯಾಂಗಲ್‌ಗೆ ಸದ್ದು ಏರಿಳಿಸುವ ಸೌಲಭ್ಯವಿಲ್ಲದ್ದರಿಂದ ಅದು ಹೆಚ್ಚಾಗಿ ಬೇಸ್‌ಗೆ, ಅಂದರೆ ಮಂದ್ರ ದನಿಗೆ, ಮೀಸಲಾಯಿತು. ಜಿಗಿತದ ಸದ್ದಿಗೂ ಇದರಲ್ಲೇ ಒಂದು ಚಾನೆಲ್ ಬಿಟ್ಟುಕೊಡಬೇಕಿತ್ತು, ಆ ಕ್ಷಣಕ್ಕೆ ಹಾಡಿನ ಒಂದು ದನಿ ಮಾಯ. 'ಬಡತನದ ಸಂಗೀತ' ಎಂದು ಮರುಗುವ ಬದಲು ಇದನ್ನು ವಿವರಿಸಿ.

'ಮಾಂತ್ರಿಕ', 'ಅದ್ಭುತ', 'ರೋಮಾಂಚನ' ಮೂರನ್ನೂ ಹೊಡೆದುಹಾಕಿ. ಉಳಿದದ್ದು ಎಷ್ಟೆಂದು ನಿಮಗೇ ತಿಳಿಯುತ್ತದೆ. ತಿದ್ದಿದ ಪ್ರತಿ 1,200 ಪದ ದಾಟದಿರಲಿ, ಒಂದು ಅಥವಾ ಎರಡು ಗೇಮ್ ಸಾಕು. ಯಾವ ಯಂತ್ರದಲ್ಲಿ, ಯಾವ ಆವೃತ್ತಿ ಆಡಿದಿರಿ ಎಂದೂ ನಮೂದಿಸಿ. ಧ್ವನಿ ಚಿಪ್ ಬದಲಾದರೆ ಒಂದೇ ಗೇಮ್‌ನ ಸಂಗೀತವೂ ಬೇರೆಯಾಗಿ ಕೇಳಿಸುತ್ತದೆ.

ಸಂಪಾದಕರು