ಮೇದೆಸ್‌ಗೆ ಅಕ್ಟೋಬರ್‌ನಲ್ಲಿ ಹೋಗಬಹುದೇ?

ನೇತ್ರಾಣಿಯಲ್ಲಷ್ಟೇ ಡೈವ್ ಮಾಡಿದ ನನಗೆ ಸ್ಪೇನ್‌ನ ಮೇದೆಸ್ ದ್ವೀಪಗಳು ಕಷ್ಟವಾದೀತೇ ಎಂದು ಕೇಳಿದ್ದೀರಿ. ಧೈರ್ಯವಾಗಿ ಹೋಗಿ. ಎಸ್ತಾರ್ತಿತ್ ಊರಿನ ದಡದಿಂದ ಸುಮಾರು 1 ಕಿಲೋಮೀಟರ್ ಅಷ್ಟೇ.

1983ರಿಂದ ಅಲ್ಲಿ ಮೀನುಗಾರಿಕೆ ನಿಷೇಧವಾಗಿದೆ. ಹಾಗಾಗಿ ಗ್ರೂಪರ್‌ಗಳು, ನಮ್ಮ ಕರಾವಳಿಯ ಮುರು ಮೀನಿನ ಬಳಗದವು, ಮನುಷ್ಯರಿಗೆ ಹೆದರುವುದೇ ಇಲ್ಲ. ಹುಟ್ಟುವಾಗ ಹೆಣ್ಣಾಗಿದ್ದು, ವಯಸ್ಸಾದ ಮೇಲೆ ಗಂಡಾಗುವ ಮೀನು ಅದು! ಪಕ್ಕದಲ್ಲೇ ಬಂದು ನಿಂತಾಗ ಮುಟ್ಟಬೇಡಿ, ಸುಮ್ಮನೆ ನೋಡಿ. ಕೆಂಪು ಗೋರ್ಗೋನಿಯನ್‌ಗಳ, ಅಂದರೆ ಬೀಸಣಿಗೆಯಂತೆ ಹರಡುವ ಹವಳದ ಬಳಗದ ಜೀವಿಗಳ, ಹತ್ತಿರ ಕಾಲಿನ ಫಿನ್ ಬಗ್ಗೆ ಜಾಗ್ರತೆ. ಬಿಸಿಯಾಗುತ್ತಿರುವ ಸಮುದ್ರದಿಂದ ಅವು ಈಗಾಗಲೇ ಬಹಳ ಸತ್ತಿವೆ.

ನೇತ್ರಾಣಿಗಿಂತ ನೀರು ತಂಪು. 7 ಮಿಲಿಮೀಟರ್ ಸೂಟ್, ತಲೆಗೆ ಹುಡ್ ಕೇಳಿ ಪಡೆಯಿರಿ. ಓಪನ್ ವಾಟರ್ ಎಂಬ ಆರಂಭಿಕ ಡೈವಿಂಗ್ ಪ್ರಮಾಣಪತ್ರವಷ್ಟೇ ಇದ್ದರೆ 18 ಮೀಟರ್ ದಾಟಬೇಡಿ, ದೊಫಿನೇರಾ ಎಂಬ ನೀರೊಳಗಿನ ಸುರಂಗಕ್ಕೆ ಈ ಸಲ ಇಳಿಯಬೇಡಿ. ತ್ರಮುಂತಾನ ಎಂಬ ಉತ್ತರದ ಜೋರು ಗಾಳಿ ಎದ್ದರೆ ದೋಣಿ ಹೊರಡದೆ ಇರಬಹುದು, ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.